ಮನೆಯಲ್ಲೇ ಕಾರು ತೊಳೆಯಲು ಏನು ಕೊಳ್ಳಬೇಕು, ಏನು ಬೇಡ

ಕಾರಿನ ಬಣ್ಣ ಜಾಸ್ತಿ ಹಾಳಾಗುವುದು ತೊಳೆಯುವಾಗಲೇ. ಗಾಢ ಬಣ್ಣದ ಯಾವುದಾದರೂ ಹಳೇ ಕಾರಿನ ಬಾನೆಟ್ಟನ್ನು ಬಿಸಿಲಲ್ಲಿ ಸ್ವಲ್ಪ ಓರೆಯಾಗಿ ನಿಂತು ನೋಡಿ, ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೀರುಗಳು ಸುತ್ತು ಸುತ್ತಾಗಿ ಕಾಣುತ್ತವೆ. ದಿನಾ ಬೆಳಗ್ಗೆ ಧೂಳಿನ ಮೇಲೆ ಒಣಬಟ್ಟೆ ಎಳೆದದ್ದು, ಒಂದೇ ಬಕೆಟ್ಟಿನ ಕೆಂಪು ನೀರಿಗೆ ಬಟ್ಟೆ ಅದ್ದಿ ಅದ್ದಿ ಒರೆಸಿದ್ದು, ಇದರಿಂದಲೇ ಅವು ಬರುವುದು. ಬಣ್ಣದ ಮೇಲೆ ಕೊನೆಗೆ ಹೊಡೆಯುವ ಪಾರದರ್ಶಕ ಪದರಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ತೆಳು. ಕಾರಿನ ಹೊಳಪೆಲ್ಲ ಇರುವುದು ಅದರಲ್ಲೇ.

ಅದಕ್ಕೇ ನಾನು ಹೇಳುವುದು, ಬಣ್ಣಕ್ಕೆ ತಾಗುವ ಬಟ್ಟೆಗೆ ಮೊದಲು ದುಡ್ಡು ಹಾಕಿ, ಬಾಟಲಿಗಳಿಗೆ ಕೊನೆಗೆ. ಆನ್‌ಲೈನ್‌ನಲ್ಲಿ ಸಿಗುವ ಕಿಟ್‌ಗಳಲ್ಲಿ ಇದು ಉಲ್ಟಾ ಇರುತ್ತದೆ, ಬಣ್ಣಬಣ್ಣದ ಏಳೆಂಟು ಬಾಟಲಿ, ಜೊತೆಗೆ ಕರವಸ್ತ್ರದಷ್ಟು ತೆಳುವಾದ ಒಂದು ಬಟ್ಟೆ. ಅಂಥ ಕಿಟ್ ಬೇಡ. ಬಿಡಿ ಬಿಡಿಯಾಗಿ ಕೊಳ್ಳಿ.

ಏನನ್ನೂ ಕೊಳ್ಳುವ ಮುಂಚೆ ಮಾಡಬೇಕಾದ ಒಂದು ಕೆಲಸ ಇದೆ.

ಮೊದಲು ನಿಮ್ಮ ನೀರು ನೋಡಿ

ಬೆಂಗಳೂರಿನಲ್ಲಿ ಇದ್ದರೆ ಕಾವೇರಿ ನೀರಲ್ಲಿ ಕಾರು ತೊಳೆಯುವ ಯೋಚನೆ ಬಿಡಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿತು, ದಂಡ 5000 ರೂಪಾಯಿ. 2025ರ ಫೆಬ್ರವರಿಯಲ್ಲಿ ಮತ್ತೆ ಆದೇಶ ಬಂತು, ತಪ್ಪು ಮುಂದುವರಿಸಿದರೆ ದಿನಕ್ಕೆ ಇನ್ನೂ 500 ರೂಪಾಯಿ ಸೇರಿಸಿ. ದಂಡದ ಮಾತು ಹಾಗಿರಲಿ, ಬೇಸಿಗೆಯಲ್ಲಿ ಪಕ್ಕದ ಬೀದಿಗೆ ಟ್ಯಾಂಕರ್ ಬರುವುದನ್ನು ನೋಡುತ್ತಾ ಪೈಪು ಹಿಡಿದು ನಿಲ್ಲಲು ಮನಸ್ಸಾದರೂ ಹೇಗೆ ಬರುತ್ತದೆ, ಅಲ್ವಾ?

ಉಳಿದದ್ದು ಬೋರ್‌ವೆಲ್ ನೀರು. ಅದು ಬಹುತೇಕ ಗಡಸು ನೀರು. ಸ್ನಾನದ ಮನೆಯ ನಲ್ಲಿ ಮೇಲೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಕಾರಿನ ಮೇಲೂ ಕೂರುತ್ತದೆ. ಬಿಸಿಲಲ್ಲಿ ಒಣಗಿದರೆ ಗಟ್ಟಿ ಕಲೆ. ತುಂಬಾ ದಿನ ಬಿಟ್ಟರೆ ಗಾಜಿನ ಮೇಲಿನ ಕಲೆ ಉಜ್ಜಿದರೂ ಹೋಗುವುದಿಲ್ಲ. ಕೆಲವು ನೂರು ರೂಪಾಯಿಗೆ ಟಿಡಿಎಸ್ ಮೀಟರ್ ಸಿಗುತ್ತದೆ, ಒಂದು ತಂದು ನೀರಿಗೆ ಅದ್ದಿ ನೋಡಿ. ಅದು ಗಡಸುತನವನ್ನೇ ನೇರವಾಗಿ ಅಳೆಯುವುದಿಲ್ಲ, ನೀರಲ್ಲಿ ಒಟ್ಟು ಎಷ್ಟು ಕರಗಿದೆ ಅನ್ನುವುದರ ಅಂದಾಜು ಕೊಡುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಅಂಕೆ 500 ದಾಟಿದರೆ (ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಹೇಳುವ ಸ್ವೀಕಾರದ ಮಿತಿ ಅದು) ಆ ನೀರು ಕಾರಿನ ಮೇಲೆ ಒಣಗಲು ಬಿಡಲೇಬಾರದು ಅಂತ ತಿಳಿಯಿರಿ.

ಇಲ್ಲಿ ಒಂದು ಎಚ್ಚರಿಕೆ. ಆರ್‌ಓ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುವವರು ಬಹಳ ಜನ ಇದ್ದಾರೆ. ಉಳಿತಾಯದ ಆಸೆ ಒಳ್ಳೆಯದೇ. ಆದರೆ ಆ ನೀರಲ್ಲಿ ಲವಣ ಮೂಲ ನೀರಿಗಿಂತಲೂ ಜಾಸ್ತಿ. ಅದನ್ನು ಟೈರು, ಮ್ಯಾಟು, ನೆಲ ತೊಳೆಯಲು ಬಳಸಿ. ಕಾರಿನ ಬಾಡಿ ತೊಳೆಯಲು, ಅದರಲ್ಲೂ ಕೊನೆಯ ತೊಳೆತಕ್ಕೆ ಬೇಡವೇ ಬೇಡ. ಕಾರಿಗೆ ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ಮನೆಯಲ್ಲಿ ಮಳೆ ನೀರಿನ ತೊಟ್ಟಿ ಇದ್ದರೆ ಅದರಿಂದ ಒಂದೆರಡು ಬಕೆಟ್ ತೆಗೆದರೆ ಕಲೆಯ ತಲೆನೋವೇ ಇರುವುದಿಲ್ಲ. ಏಸಿಯಿಂದ ತೊಟ್ಟಿಕ್ಕುವ ನೀರಲ್ಲೂ ಲವಣ ತೀರಾ ಕಡಿಮೆ, ಕ್ಯಾನಿನಲ್ಲಿ ಹಿಡಿದಿಟ್ಟರೆ ಕೊನೆಯ ತೊಳೆತಕ್ಕೆ ಬರುತ್ತದೆ.

ಊರೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಗಾಳಿಯಲ್ಲೇ ಉಪ್ಪು ಇರುವುದರಿಂದ ಅಲ್ಲಿ ಕಾರಿನ ಅಡಿಭಾಗಕ್ಕೆ ನೀರು ಹಾಯಿಸುವುದು ಮೇಲಿನ ಹೊಳಪಿಗಿಂತ ಮುಖ್ಯ. ಬಳ್ಳಾರಿ, ಹೊಸಪೇಟೆ, ಸಂಡೂರು ಕಡೆಯ ಅದಿರು ಧೂಳಿನಲ್ಲಿ ಕಬ್ಬಿಣ ಇರುತ್ತದೆ, ಅಲ್ಲಿಯವರು ಅಂಟಿದ ಕಬ್ಬಿಣದ ಕಣ ಕರಗಿಸುವ ಐರನ್ ರಿಮೂವರ್ ಒಂದನ್ನು ಇಟ್ಟುಕೊಳ್ಳಬೇಕು. ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಹೊರಗಿಗಿಂತ ಒಳಗಿನ ಬೂಸ್ಟಿನ ಕಾಟವೇ ದೊಡ್ಡದು, ಅದಕ್ಕೆ ಆಮೇಲೆ ಬರುತ್ತೇನೆ.

ಬಟ್ಟೆ: ಇಲ್ಲಿ ಜಿಪುಣತನ ಬೇಡ

ಹಳೇ ಬನಿಯನ್, ಹಳೇ ಟವೆಲ್, ಸೀರೆ ತುಂಡು, ಇವೆಲ್ಲ ನೆಲಕ್ಕೆ ಸರಿ. ಕಾರಿನ ಬಣ್ಣಕ್ಕೆ ಬೇಡ. ಹತ್ತಿ ಬಟ್ಟೆಯ ಮೇಲ್ಮೈ ಚಪ್ಪಟೆ, ಮಣ್ಣಿನ ಕಣ ಒಳಗೆ ಹೋಗಲು ಜಾಗ ಇಲ್ಲ, ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಉರುಳುತ್ತದೆ. ಮೈಕ್ರೋಫೈಬರ್‌ನಲ್ಲಿ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ, ಕಣ ಅವುಗಳ ಒಳಗೆ ಸೇರಿಕೊಳ್ಳುತ್ತದೆ. ಅಗ್ಗದ ಚಪ್ಪಟೆ ಸ್ಪಾಂಜಿನದೂ ಹತ್ತಿ ಬಟ್ಟೆಯ ಕತೆಯೇ.

ಕೊಳ್ಳುವಾಗ ಎರಡು ಅಂಕೆ ನೋಡಿ. ಒಂದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಒಳಗೆ ಒರೆಸಲು 300ರಿಂದ 400 ಸಾಕು. ಬಾಡಿ ಒರೆಸಲು 500ರ ಆಸುಪಾಸು. ನೀರು ಹೀರಿ ಒಣಗಿಸುವ ದೊಡ್ಡ ಬಟ್ಟೆ 800 ಅಥವಾ ಹೆಚ್ಚು, ಅಳತೆ 60x90 ಸೆಂಟಿಮೀಟರ್ ಇದ್ದರೆ ಒಂದೇ ಬಟ್ಟೆಯಲ್ಲಿ ಸಣ್ಣ ಕಾರು ಮುಗಿಯುತ್ತದೆ. ಎರಡನೆಯದು 80/20 ಅಥವಾ 70/30 ಅನ್ನುವ ಅಂಕೆ, ಪಾಲಿಯೆಸ್ಟರ್ ಎಷ್ಟು, ಪಾಲಿಅಮೈಡ್ ಎಷ್ಟು ಅಂತ. ಪಾಲಿಅಮೈಡ್ ಜಾಸ್ತಿ ಇದ್ದಷ್ಟೂ ಬಟ್ಟೆ ಮೃದು, ನೀರನ್ನೂ ಚೆನ್ನಾಗಿ ಹೀರುತ್ತದೆ. ಏನೂ ಬರೆಯದೆ ಬರೀ ಮೈಕ್ರೋಫೈಬರ್ ಅಂತಷ್ಟೇ ಇದ್ದರೆ ನಾನು ಮುಂದಕ್ಕೆ ಹೋಗುತ್ತೇನೆ. ಅಂಚಿನ ಹೊಲಿಗೆ ಗಟ್ಟಿ ನೈಲಾನ್ ದಾರದ್ದಾದರೆ ಅದೇ ಗೀರು ಹಾಕುತ್ತದೆ. ಅಂಚಿಗೆ ಹೊಲಿದ ಲೇಬಲ್ ಇದ್ದರೆ ಮೊದಲ ದಿನವೇ ಕತ್ತರಿಸಿ ಹಾಕಿ.

ಇನ್ನು ಶಾಂಪೂ ಹಚ್ಚಿ ಉಜ್ಜಲು ಕೈಗವಸಿನಂತೆ ಹಾಕಿಕೊಳ್ಳುವ ವಾಶ್ ಮಿಟ್ ತೆಗೆದುಕೊಳ್ಳಿ, ಉದ್ದ ಎಳೆಗಳಿರುವ ಮೈಕ್ರೋಫೈಬರ್‌ದು. ಡಬ್ಬಿಯಲ್ಲಿ ಸುತ್ತಿ ಕೊಡುವ, ರಬ್ಬರಿನಂತೆ ಜಾರುವ ಹಳದಿ ಬಟ್ಟೆ ಇದೆಯಲ್ಲ, ಅದು ನೀರನ್ನೇನೋ ಚೆನ್ನಾಗಿ ಹೀರುತ್ತದೆ, ಆದರೆ ಮಣ್ಣಿನ ಒಂದು ಕಣ ಉಳಿದಿದ್ದರೂ ಅದನ್ನು ಬಣ್ಣದ ಮೇಲೆ ಎಳೆದುಕೊಂಡು ಹೋಗುತ್ತದೆ. ಗಾಜಿಗೆ ಬಳಸಿ, ಬಾಡಿಗೆ ಬೇಡ.

ಒಟ್ಟು ಎಷ್ಟು ಬೇಕು? ಮಿಟ್ ಒಂದು, ಒಣಗಿಸುವ ದೊಡ್ಡದು ಒಂದು, 40x40 ಅಳತೆಯವು ಆರು. ಬಣ್ಣ ಬೇರೆ ಬೇರೆ ಇರಲಿ. ನೀಲಿ ಬಾಡಿಗೆ, ಹಸಿರು ಒಳಗೆ, ಬೂದು ಚಕ್ರಕ್ಕೆ ಅಂತ ನಿಗದಿ ಮಾಡಿಟ್ಟರೆ ಮನೆಯಲ್ಲಿ ಯಾರು ತೊಳೆದರೂ ಗೊಂದಲ ಆಗುವುದಿಲ್ಲ. ಚಕ್ರದ ಬಟ್ಟೆ ಎಂದೂ ಬಾಡಿಗೆ ಬರಬಾರದು. ನೆಲಕ್ಕೆ ಬಿದ್ದ ಬಟ್ಟೆಯನ್ನು ಅವತ್ತು ಮತ್ತೆ ಬಳಸಬೇಡಿ.

ಒಗೆಯುವುದೂ ಮುಖ್ಯ. ಹತ್ತಿ ಬಟ್ಟೆಗಳ ಜೊತೆ ಹಾಕಬೇಡಿ, ನೂಲಿನ ಪುಡಿ ಎಲ್ಲ ಇದಕ್ಕೆ ಅಂಟುತ್ತದೆ. ಲಿಕ್ವಿಡ್ ಡಿಟರ್ಜೆಂಟ್ ಸ್ವಲ್ಪವೇ ಸಾಕು. ಬಟ್ಟೆ ಮೃದುವಾಗಲಿ, ಘಮ ಬರಲಿ ಅಂತ ಕೊನೆಯಲ್ಲಿ ಹಾಕುವ ಕಂಡೀಷನರ್ ಖಂಡಿತ ಬೇಡ, ಅದು ಎಳೆಗಳ ಮೇಲೆ ಪದರ ಕಟ್ಟಿ ಹೀರುವ ಶಕ್ತಿಯನ್ನೇ ಕಳೆಯುತ್ತದೆ. ಇಸ್ತ್ರಿ ಬೇಡ, ಎಳೆ ಕರಗುತ್ತದೆ.

ಬೆಳಗ್ಗೆ ಬಂದು ಕಾರು ಒರೆಸಿಕೊಡುವವರು ಇದ್ದರೆ ಅವರಿಗೇ ನಿಮ್ಮ ಎರಡು ಮೂರು ಬಟ್ಟೆ ಕೊಟ್ಟುಬಿಡಿ. ಅವರು ಸೂರ್ಯ ಏರುವುದರೊಳಗೆ ಹತ್ತಾರು ಕಾರು ಮುಗಿಸಬೇಕು, ಪ್ರತಿ ಕಾರಿಗೂ ಹೊಸ ನೀರು, ಹೊಸ ಬಟ್ಟೆ ಅವರ ಕೈಯಲ್ಲಿ ಆಗುವ ಮಾತಲ್ಲ. ಧೂಳು ಜಾಸ್ತಿ ಇದ್ದ ದಿನ ಗಾಜು ಮಾತ್ರ ಒರೆಸಿ, ಬಾಡಿ ಮುಟ್ಟಬೇಡಿ ಅಂತ ಪ್ರೀತಿಯಿಂದ ಹೇಳಿ. ಅವರಿಗೂ ಕೆಲಸ ಕಡಿಮೆ.

ಬಕೆಟ್ ಮತ್ತು ಶಾಂಪೂ

ಬಕೆಟ್ ಎರಡು ಬೇಕು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮಿಟ್ಟನ್ನು ಶಾಂಪೂ ನೀರಿಗೆ ಅದ್ದಿ, ಒಂದು ಡೋರ್ ತೊಳೆದು, ಮೊದಲು ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂ ನೀರಿಗೆ. ಮಣ್ಣೆಲ್ಲ ಎರಡನೇ ಬಕೆಟ್ಟಿನಲ್ಲೇ ಉಳಿಯುತ್ತದೆ. ತಳದಲ್ಲಿ ಇಡಲು ಗ್ರಿಟ್ ಗಾರ್ಡ್ ಅನ್ನುವ ಪ್ಲಾಸ್ಟಿಕ್ ಜಾಲರಿ ಸಿಗುತ್ತದೆ, ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಕೆಟ್ಟಿನ ತಳಕ್ಕೆ ಕೈ ತಾಗಿಸದೆ ಮೇಲೆ ಮೇಲೆ ಜಾಲಿಸಿ. ಮನೆಯ ಹಳೇ ಬಕೆಟ್‌ಗಳೇ ಸಾಕು, ಕಾರಿನ ಹೆಸರು ಬರೆದ ದುಬಾರಿ ಬಕೆಟ್ ಬೇಕಿಲ್ಲ.

ಶಾಂಪೂ ಬಾಟಲಿ ಮೇಲೆ ಪಿಎಚ್ ನ್ಯೂಟ್ರಲ್ ಅಂತ ಇರಬೇಕು, ಅಂದರೆ 7ರ ಆಸುಪಾಸು. ಪಾತ್ರೆ ತೊಳೆಯುವ ಲಿಕ್ವಿಡ್ ಎಣ್ಣೆ ಜಿಡ್ಡು ತೆಗೆಯಲೆಂದೇ ಇರುವುದು, ಬಣ್ಣದ ಹೊಳಪಿಗೆ, ರಕ್ಷಣೆಗೆ ಹಚ್ಚುವ ವ್ಯಾಕ್ಸನ್ನೂ ಅದು ಜಿಡ್ಡು ಅಂತಲೇ ತೆಗೆದುಹಾಕುತ್ತದೆ. ಬಟ್ಟೆ ಒಗೆಯುವ ಪುಡಿ ಇನ್ನೂ ಖಾರ, ಸರಿಯಾಗಿ ಕರಗದ ಕಾಳು ಗೀರೂ ಹಾಕುತ್ತದೆ. ಕಾರಿನ ಶಾಂಪೂ ದುಬಾರಿ ಅನ್ನಿಸಬಹುದು, ಆದರೆ ಒಂದು ಸಲಕ್ಕೆ ಒಂದೆರಡು ಮುಚ್ಚಳ ಸಾಕಾಗುತ್ತದೆ, ಅರ್ಧ ಲೀಟರ್ ತಿಂಗಳುಗಟ್ಟಲೆ ಬರುತ್ತದೆ. ಗಡಸು ನೀರಲ್ಲಿ ನೊರೆ ಕಡಿಮೆ ಬರುತ್ತದೆ. ನೊರೆ ಬರಲಿಲ್ಲ ಅಂತ ಸುರಿಯುತ್ತಾ ಹೋಗಬೇಡಿ, ಕೊಳೆ ತೆಗೆಯಲು ಅಷ್ಟು ನೊರೆ ಬೇಕಾಗಿಲ್ಲ, ಅದನ್ನು ತೊಳೆಯಲು ಮತ್ತೆರಡು ಬಕೆಟ್ ನೀರು ಬೇಕು.

ನೀರೇ ಇಲ್ಲದ ಅಪಾರ್ಟ್‌ಮೆಂಟ್‌ನಲ್ಲಿ, ಪಾರ್ಕಿಂಗ್‌ನಲ್ಲಿ ಪೈಪು ಬಿಡಬಾರದು ಅನ್ನುವ ಕಡೆ, ರಿನ್ಸ್‌ಲೆಸ್ ವಾಶ್ ಅನ್ನುವುದೇ ಸರಿಯಾದ ಆಯ್ಕೆ. ನನ್ನ ಮಟ್ಟಿಗೆ ಬೆಂಗಳೂರಿನಂಥ ಊರಿಗೆ ಇದರಷ್ಟು ಉಪಯೋಗದ ಬಾಟಲಿ ಬೇರೆ ಇಲ್ಲ. ಇದರಲ್ಲಿರುವ ಪಾಲಿಮರ್‌ಗಳು ಮಣ್ಣಿನ ಕಣವನ್ನು ಸುತ್ತಿಕೊಂಡು ಬಣ್ಣದಿಂದ ಎತ್ತಿಹಿಡಿಯುತ್ತವೆ, ಆಮೇಲೆ ನೀರು ಸುರಿದು ತೊಳೆಯುವ ಕೆಲಸ ಇರುವುದಿಲ್ಲ. ಕೆಲವು ಬ್ರ್ಯಾಂಡ್‌ಗಳಲ್ಲಿ 1 ಭಾಗಕ್ಕೆ 256 ಭಾಗ ನೀರು, ಅಂದರೆ 4 ಲೀಟರಿಗೆ ಹೆಚ್ಚುಕಡಿಮೆ 15 ಮಿಲಿಲೀಟರ್. ಪ್ರತಿಯೊಂದರ ಅಳತೆ ಬೇರೆ, ಲೇಬಲ್ ಓದಿಯೇ ಹಾಕಿ. ಗಿಡಕ್ಕೆ ಔಷಧಿ ಹೊಡೆಯುವಂಥ 2 ಲೀಟರ್ ಕೈಪಂಪು ಹೊಸದೊಂದನ್ನು ತಂದು, ಅದೇ ನೀರನ್ನು ಮೊದಲು ಕಾರಿನ ಮೇಲೆ ಸಿಂಪಡಿಸಿ ಒಂದೆರಡು ನಿಮಿಷ ಬಿಡಿ. ಬಟ್ಟೆಗಳನ್ನೆಲ್ಲ ಬಕೆಟ್ಟಿನಲ್ಲಿ ನೆನೆಸಿ, ಒಂದನ್ನು ತೆಗೆದು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತದೆ. ಒಂದು ಮುಖದಲ್ಲಿ ಒಂದೇ ದಿಕ್ಕಿಗೆ ಒರೆಸಿ, ಮುಖ ಬದಲಿಸಿ. ಕೊಳೆಯಾದ ಬಟ್ಟೆಯನ್ನು ಮಾತ್ರ ವಾಪಸ್ ಬಕೆಟ್ಟಿಗೆ ಹಾಕಬಾರದು, ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಳ್ಳಿ. ಸಣ್ಣ ಕಾರಿಗೆ ಎಂಟು ಲೀಟರೊಳಗೆ ಮುಗಿಯುತ್ತದೆ. ಕೆಸರು ದಪ್ಪಗೆ ಮೆತ್ತಿದ್ದರೆ ಈ ವಿಧಾನ ಬೇಡ, ಮೊದಲು ನೀರು ಹಾಕಿ ಕೆಸರು ಇಳಿಸಲೇಬೇಕು.

ಚಕ್ರಕ್ಕೆ ಬೇರೆಯೇ ಸಾಮಾನು

ಚಕ್ರದ ಮೇಲಿನ ಕಪ್ಪು ಪುಡಿ ಬ್ರೇಕ್‌ನಿಂದ ಬರುವುದು, ಅದರಲ್ಲಿ ಕಬ್ಬಿಣದ ಚೂರು ಇರುತ್ತದೆ. ಅದಕ್ಕೆ ಬೇರೆ ಬಕೆಟ್, ಬೇರೆ ಬ್ರಶ್. ವಾರವಾರ ತೊಳೆಯುವವರಿಗೆ ಶಾಂಪೂ ನೀರೇ ಸಾಕು. ಗಟ್ಟಿ ಹಿಡಿದಿದ್ದರೆ ಐರನ್ ರಿಮೂವರ್ ಸಿಂಪಡಿಸಿ, ಅದು ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಒಣಗುವ ಮುಂಚೆ ತೊಳೆದುಬಿಡಿ. ವಾಸನೆ ಕೆಟ್ಟದಾಗಿರುತ್ತದೆ, ಗಾಳಿ ಆಡುವ ಕಡೆ ಮಾಡಿ, ಕೈಗವಸು ಹಾಕಿ. ಬಾತ್‌ರೂಮ್ ತೊಳೆಯುವ ಆಸಿಡ್ ಅಲಾಯ್ ಚಕ್ರಕ್ಕೆ ತಾಗಿಸಲೇಬೇಡಿ, ಮೇಲಿನ ಪದರ ತಿಂದುಹಾಕುತ್ತದೆ. ಚಕ್ರ ಬಿಸಿ ಇದ್ದಾಗ ಯಾವ ಕೆಮಿಕಲ್ಲೂ ಬೇಡ. ಟೈರಿಗೆ ಪಾಲಿಶ್ ಹಚ್ಚುವ ಆಸೆ ಇದ್ದರೆ ಪಕ್ಕದ ಗೋಡೆಗೆ ಮಾತ್ರ ಹಚ್ಚಿ. ರಸ್ತೆಗೆ ತಾಗುವ ಭಾಗಕ್ಕೆ ಹಚ್ಚಿದರೆ ಜಾರುತ್ತದೆ.

ಹಕ್ಕಿ ಹಿಕ್ಕೆ, ಮರದ ಅಂಟು, ಡಾಂಬರು

ಇವಕ್ಕೆ ವಾರದ ತೊಳೆತದವರೆಗೂ ಕಾಯಬಾರದು. ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಸಿಡ್ ಇರುತ್ತದೆ, ಬಿಸಿಲಲ್ಲಿ ಒಂದೇ ದಿನ ಕೂತರೂ ಗುರುತು ಉಳಿಯಬಹುದು. ಒಣಗಿದ್ದನ್ನು ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಗೇ ಹಾಸಿಬಿಡಿ, ನೆನೆದ ಮೇಲೆ ಮೃದುವಾಗಿ ಎತ್ತಿ. ರಿನ್ಸ್‌ಲೆಸ್ ದ್ರಾವಣವನ್ನು ಸಣ್ಣ ಸ್ಪ್ರೇ ಬಾಟಲಿಯಲ್ಲಿ ಹಾಕಿ, ಎರಡು ಬಟ್ಟೆ ಜೊತೆ ಡಿಕ್ಕಿಯಲ್ಲಿ ಇಟ್ಟರೆ ಆಫೀಸಿನ ಹತ್ತಿರವೇ ತೆಗೆಯಬಹುದು. ಮರದಡಿ ನಿಲ್ಲಿಸಿದಾಗ ಬೀಳುವ ಅಂಟು ಹೊಸದಾದರೆ ಬಿಸಿ ನೀರಿಗೇ ಹೋಗುತ್ತದೆ, ಹಳತಾದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಸ್ವಲ್ಪ ತಾಗಿಸಿ ಒರೆಸಿ. ಡಾಂಬರಿಗೆ ಟಾರ್ ರಿಮೂವರ್. ಸೀಮೆಎಣ್ಣೆ, ಪೆಟ್ರೋಲ್ ಬಳಸುವವರಿದ್ದಾರೆ, ಬೆಂಕಿಯ ಅಪಾಯ ಒಂದು ಕಡೆ, ಹೆಚ್ಚು ಉಜ್ಜಿದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಹಾಳಾಗುವುದು ಇನ್ನೊಂದು ಕಡೆ. ಆಲ್ಕೋಹಾಲ್ ಆಗಲಿ ಟಾರ್ ರಿಮೂವರ್ ಆಗಲಿ ಬಳಸಿದ ಜಾಗದಲ್ಲಿ ವ್ಯಾಕ್ಸೂ ಹೋಗಿರುತ್ತದೆ, ಅಲ್ಲಿಗೆ ಮತ್ತೆ ಹಚ್ಚಿ.

ವ್ಯಾಕ್ಸ್ ಬೇಕಾ?

ಬೇಕು, ಆದರೆ ಯಾವುದಾದರೂ ಒಂದೇ. ಕಾರ್ನೌಬಾ ವ್ಯಾಕ್ಸ್ (ಒಂದು ಜಾತಿಯ ತಾಳೆ ಎಲೆಯ ಮೇಣ) ನಮ್ಮ ಬಿಸಿಲು ಮಳೆಗೆ ಒಂದೆರಡು ತಿಂಗಳು ನಿಲ್ಲುತ್ತದೆ, ಸಿಂಥೆಟಿಕ್ ಸೀಲಂಟ್ ಇನ್ನೂ ಜಾಸ್ತಿ. ಹೊಸಬರಿಗೆ ಸ್ಪ್ರೇ ರೂಪದ್ದು ಸುಲಭ, ಒದ್ದೆ ಕಾರಿನ ಮೇಲೇ ಹೊಡೆದು ಒರೆಸಿಬಿಡಬಹುದಾದವೂ ಇವೆ. ನೀರು ಮುತ್ತಿನಂತೆ ನಿಲ್ಲುವುದು ಬಿಟ್ಟು ಹರಡಿಕೊಳ್ಳಲು ಶುರುವಾದರೆ ಮತ್ತೆ ಹಚ್ಚುವ ಸಮಯ ಬಂತು. ಗೀರು ತೆಗೆಯುವ ಪಾಲಿಶ್, ರಬ್ಬಿಂಗ್ ಕಾಂಪೌಂಡ್ ಇವು ವ್ಯಾಕ್ಸ್ ಅಲ್ಲ, ಅವು ಕ್ಲಿಯರ್ ಕೋಟನ್ನೇ ಸ್ವಲ್ಪ ಸವೆಸುತ್ತವೆ. ಪದೇ ಪದೇ ಬೇಡ. ಮ್ಯಾಟ್ ಬಣ್ಣದ ಕಾರಿಗೆ ಮಾಮೂಲಿ ವ್ಯಾಕ್ಸ್ ಹಚ್ಚಬಾರದು, ಬಣ್ಣ ಹೊಡೆಯದ ಕಪ್ಪು ಪ್ಲಾಸ್ಟಿಕ್ಕಿಗೂ ತಾಗಿಸಬೇಡಿ, ಬಿಳಿ ಗುರುತು ಉಳಿಯುತ್ತದೆ.

ತೊಳೆದ ಮೇಲೆ ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ ಬಾನೆಟ್ ಸವರಿ ನೋಡಿ. ತರಿತರಿ ಅನ್ನಿಸಿದರೆ ಕ್ಲೇ ಬಾರ್ ಬೇಕು, ಬಣ್ಣಕ್ಕೆ ಅಂಟಿ ಕೂತ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ತುಂಡು ಅದು. ಕ್ಲೇಯನ್ನು ಒಣ ಬಣ್ಣದ ಮೇಲೆ ಉಜ್ಜಬಾರದು, ಶಾಂಪೂ ನೀರಿನಿಂದ ಚೆನ್ನಾಗಿ ಒದ್ದೆ ಮಾಡಿಯೇ ಉಜ್ಜಬೇಕು. ವರ್ಷಕ್ಕೆ ಒಂದೆರಡು ಸಲ ಸಾಕು. ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಎಸೆದುಬಿಡಿ, ಹೊಟ್ಟೆ ಉರಿದರೂ ಸರಿ.

ಕಾರಿನ ಒಳಗೆ

ಸಿಗರೇಟ್ ಲೈಟರ್‌ಗೆ ಚುಚ್ಚುವ ಪುಟ್ಟ ವ್ಯಾಕ್ಯೂಮ್ ಕೊಳ್ಳುವ ಮುಂಚೆ ಒಂದು ಲೆಕ್ಕ ಹಾಕಿ. ಆ ಸಾಕೆಟ್ 12 ವೋಲ್ಟ್, ಬಹಳ ಕಾರುಗಳಲ್ಲಿ ಫ್ಯೂಸ್ 10 ಆಂಪ್, ಅಂದರೆ ಸಿಗುವುದು 120 ವ್ಯಾಟ್. ಬಿಸ್ಕತ್ ಪುಡಿಗೆ ಸಾಕು, ಕಾರ್ಪೆಟ್ಟಿಗೆ ಇಳಿದ ಮರಳಿಗೆ ಸಾಲದು. ಮನೆಯಲ್ಲಿರುವ ವ್ಯಾಕ್ಯೂಮ್‌ಗೆ ಸಂದಿಗೆ ಹೋಗುವ ಚೂಪು ಮೂತಿ ಇದ್ದರೆ ಅದೇ ಮೇಲು. ಏಸಿ ಜಾಲರಿ, ಬಟನ್ ಸಂದಿಗೆ ಒಂದಿಂಚಿನ ಮೃದುವಾದ ಪೇಂಟ್ ಬ್ರಶ್.

ಡ್ಯಾಶ್‌ಬೋರ್ಡಿಗೆ ಒದ್ದೆ ಮಾಡಿ ಹಿಂಡಿದ ಬಟ್ಟೆಯೇ ಬಹುಪಾಲು ಸಾಕು. ಫಳಫಳ ಹೊಳೆಯುವ ಎಣ್ಣೆಯಂಥ ಪಾಲಿಶ್ ಬೇಡ, ಧೂಳನ್ನು ಎಳೆದುಕೊಳ್ಳುತ್ತದೆ, ಬಿಸಿಲಲ್ಲಿ ಅದರ ಬಿಂಬ ಮುಂದಿನ ಗಾಜಿನಲ್ಲಿ ಕಂಡು ರಸ್ತೆ ಮಸುಕಾಗುತ್ತದೆ. ಸ್ಟೀರಿಂಗ್ ಮತ್ತು ಪೆಡಲ್‌ಗೆ ಯಾವ ಪಾಲಿಶ್ಶನ್ನೂ ಹಚ್ಚಬೇಡಿ, ಇದು ಜೀವದ ಪ್ರಶ್ನೆ. ಜಿಡ್ಡಿದ್ದರೆ ಆಲ್ ಪರ್ಪಸ್ ಕ್ಲೀನರನ್ನು 1ಕ್ಕೆ 10 ನೀರು ಬೆರೆಸಿ ಬಟ್ಟೆಗೆ ಹೊಡೆದು ಒರೆಸಿ, ನೇರವಾಗಿ ಡ್ಯಾಶ್‌ಬೋರ್ಡ್ ಮೇಲೆ ಹೊಡೆಯಬೇಡಿ, ಬಟನ್ ಒಳಗೆ ಇಳಿಯುತ್ತದೆ. ಟಚ್ ಸ್ಕ್ರೀನಿಗೆ ಸ್ವಲ್ಪ ತೇವದ ಬಟ್ಟೆ ಮಾತ್ರ.

ಮಲೆನಾಡು, ಕರಾವಳಿಯವರೇ, ಬೂಸ್ಟಿಗೆ ಮದ್ದು ಒಣಗಿಸುವುದೇ. ಕಾಲ್ಚಾಪೆ ತೆಗೆದು ಕೆಳಗಿನ ಕಾರ್ಪೆಟ್ ಒತ್ತಿ ನೋಡಿ, ಒದ್ದೆ ಇರುತ್ತದೆ. ಬಿಸಿಲು ಬಂದ ದಿನ ನಾಲ್ಕೂ ಡೋರ್ ತೆಗೆದಿಡಿ. ಸೀಟಿನ ಬೂಸ್ಟನ್ನು ಒಳಗೆ ಕೂತು ಒಣಬ್ರಶ್‌ನಿಂದ ಕೊಡವಬೇಡಿ, ಉಸಿರಿಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಎತ್ತಿ ತೆಗೆದು ಆಮೇಲೆ ಒಣಗಿಸಿ.

ಗಾಜನ್ನು ಎಲ್ಲಕ್ಕಿಂತ ಕೊನೆಗೆ ಒರೆಸಿ, ಬೇರೆ ಯಾವುದಕ್ಕೂ ಬಳಸದ ಬಟ್ಟೆಯಲ್ಲಿ. ಮುಂದಿನ ಗಾಜಿನ ಒಳಮುಖ ಮರೆಯಬೇಡಿ, ರಾತ್ರಿ ಎದುರಿನ ಲೈಟು ಹರಡಿಕೊಂಡು ಕಣ್ಣಿಗೆ ಹೊಡೆಯಲು ಅಲ್ಲಿ ಕೂತ ಜಿಡ್ಡೂ ಒಂದು ಕಾರಣ. ವೈಪರ್ ರಬ್ಬರನ್ನೂ ಒದ್ದೆ ಬಟ್ಟೆಯಿಂದ ಒರೆಸಿಬಿಡಿ.

ಪ್ರೆಶರ್ ವಾಶರ್

ಸ್ವಂತ ಮನೆ, ಅಂಗಳ, ನೀರು, ಹತ್ತಿರದಲ್ಲೇ ಕರೆಂಟ್ ಎಲ್ಲ ಇದ್ದವರು ಮಾತ್ರ ಯೋಚಿಸಿ. ಒತ್ತಡ 100ರಿಂದ 130 ಬಾರ್ ಇದ್ದರೆ ಸಾಕು. ನೀರು ಬೀಸಣಿಗೆಯಾಗಿ ಹರಡುವ ಮೂತಿಯನ್ನೇ ಬಳಸಿ, ಕನಿಷ್ಠ ಒಂದಡಿ ದೂರ ಇರಲಿ. ಬಣ್ಣ ಎದ್ದ ಜಾಗ, ಡೋರ್ ರಬ್ಬರ್, ಬಾನೆಟ್ ಒಳಗೆ, ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಜಾಗಕ್ಕೆ ಹೊಡೆಯಬೇಡಿ. ಉಳಿದವರಿಗೆ ಕೈಪಂಪು ಸಾಕು.

ತೊಳೆಯುವ ಕ್ರಮ

ಬೆಳಗ್ಗೆ ಅಥವಾ ಸಂಜೆ, ನೆರಳಲ್ಲಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ಬಿಸಿ ಹತ್ತಬಾರದು. ಮೊದಲು ಚಕ್ರ, ಇಲ್ಲದಿದ್ದರೆ ಅದರ ಕೊಳೆ ತೊಳೆದ ಡೋರಿಗೆ ಸಿಡಿಯುತ್ತದೆ. ಆಮೇಲೆ ಇಡೀ ಕಾರಿಗೆ ನೀರು ಅಥವಾ ಪಂಪಿನ ಸಿಂಪಡಿಕೆ, ಮುಟ್ಟದೆಯೇ ಎಷ್ಟು ಮಣ್ಣು ಇಳಿಯುತ್ತದೋ ಇಳಿಯಲಿ. ಮಿಟ್ ಹಿಡಿದು ಮೇಲ್ಛಾವಣಿಯಿಂದ ಶುರು ಮಾಡಿ, ಗಾಜು, ಬಾನೆಟ್, ಡೋರಿನ ಮೇಲರ್ಧ, ಕೊನೆಗೆ ಬಂಪರ್ ಮತ್ತು ಡೋರಿನ ಕೆಳಭಾಗ. ಅಲ್ಲೇ ಮಣ್ಣು ಜಾಸ್ತಿ ಇರುವುದು. ಒತ್ತಬೇಡಿ, ಮಿಟ್ಟಿನ ಭಾರವೇ ಸಾಕು. ಗಡಸು ನೀರಾದರೆ ಒಂದು ಕಡೆ ತೊಳೆದು ಒಣಗಿಸಿ ಮುಂದಿನ ಕಡೆಗೆ ಹೋಗಿ. ಒಣಗಿಸುವಾಗ ದೊಡ್ಡ ಬಟ್ಟೆಯನ್ನು ಹಾಸಿ ಮೆಲ್ಲಗೆ ಎಳೆಯಿರಿ, ಉಜ್ಜಬೇಡಿ. ಕನ್ನಡಿಯ ಸಂದಿ, ಡೋರಿನ ಅಂಚು, ನಂಬರ್ ಪ್ಲೇಟ್ ಹಿಂದೆ ನಿಂತ ನೀರು ಆಮೇಲೆ ಸುರಿದು ಗೆರೆ ಬೀಳಿಸುತ್ತದೆ, ಡೋರ್ ತೆಗೆದು ಅಲ್ಲೂ ಒರೆಸಿ.

ಎಲ್ಲ ಮುಗಿದ ಮೇಲೆ ತಕ್ಷಣ ಕವರ್ ಹಾಕಬೇಡಿ, ಒಳಗೆ ತೇವ ಉಳಿಯುತ್ತದೆ. ಬ್ರೇಕ್ ಡಿಸ್ಕ್ ಕೂಡ ಒದ್ದೆಯಾಗಿರುತ್ತದೆ, ಹಾಗೇ ನಿಲ್ಲಿಸಿದರೆ ಮಾರನೇ ದಿನ ಅದರ ಮೇಲೆ ತುಕ್ಕಿನ ಬಣ್ಣ ಕಾಣುತ್ತದೆ. ಒಂದು ಸುತ್ತು ನಿಧಾನವಾಗಿ ಓಡಿಸಿ, ಹಿಂದೆ ಯಾರೂ ಇಲ್ಲದ ಕಡೆ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಬನ್ನಿ. ಬಂದ ಮೇಲೆ ಬಟ್ಟೆಗಳನ್ನು ನೆನೆಹಾಕಿ. ಬಕೆಟ್ಟಿನ ಸೋಪು ನೀರನ್ನು ಮಳೆನೀರಿನ ಇಂಗುಗುಂಡಿಗೆ ಮಾತ್ರ ಸುರಿಯಬೇಡಿ.